ಒಂದೇ ಅಕ್ಷರ ತಪ್ಪಿದರೆ

ಗೆಳೆಯರೇ, ಅಂಗಡಿ ಚೀಟಿಯಲ್ಲಿ ‘ಅಕ್ಕಿ’ ಬರೆಯುವ ಕಡೆ ‘ಹಕ್ಕಿ’ ಎಂದು ಬರೆದರೆ ಏನಾಗುತ್ತದೆ? ನಮ್ಮ ಮೈಯೊಳಗಿನ ಬರಹದಲ್ಲೂ ಹೀಗೆ ಒಂದು ಅಕ್ಷರ ತಪ್ಪುವುದುಂಟು. ಅದನ್ನು ನನಗೆ ತಿಳಿದಂತೆ ಹೇಳುತ್ತೇನೆ.

ನಮ್ಮ ದೇಹ ಜೀವಕೋಶಗಳಿಂದ ಆಗಿದೆ. ಕೋಶಕೇಂದ್ರದೊಳಗೆ ಡಿ.ಎನ್.ಎ. ಎಂಬ ಉದ್ದನೆಯ ಎಳೆ ಇರುತ್ತದೆ. ಯಾವ ಪ್ರೋಟೀನನ್ನು ಹೇಗೆ ಮಾಡಬೇಕು ಎಂಬುದು ಅದರಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿದೆ.

ಹೆಡ್‌ಮಾಸ್ತರರು ದಾಖಲಾತಿ ರಿಜಿಸ್ಟರನ್ನು ಬೀರುವಿನಿಂದ ಹೊರಗೆ ಕೊಡುವುದಿಲ್ಲ. ಬೇಕಾದಷ್ಟು ಮಾತ್ರ ನಕಲು ಮಾಡಿ ಕೊಡುತ್ತಾರೆ. ಕೋಶವೂ ಅಷ್ಟೇ. ಆ ನಕಲೇ ಆರ್.ಎನ್.ಎ. ಇದರಲ್ಲಿ ‘ಟಿ’ ಬದಲು ‘ಯು’ ಇರುತ್ತದೆ. ನಕಲು ಹೊರಗೆ ಬಂದು ರೈಬೋಸೋಮನ್ನು ಸೇರುತ್ತದೆ. ರೈಬೋಸೋಮು ಮೂರು ಮೂರು ಅಕ್ಷರ ಓದುತ್ತಾ, ಒಂದೊಂದೇ ಅಮೈನೋ ಆಮ್ಲವನ್ನು ಮಣಿಯಂತೆ ಪೋಣಿಸುತ್ತದೆ. ಆ ಸರವೇ ಪ್ರೋಟೀನು.

ಮೂರೇ ಅಕ್ಷರ ಯಾಕೆ? ನಾನು ಲೆಕ್ಕ ಹಾಕಿ ನೋಡಿದೆ. ಮಣಿಗಳು 20 ಬಗೆ. ಎರಡೆರಡು ಅಕ್ಷರವಾದರೆ 4×4=16 ಪದ, ಸಾಲದು. ಮೂರಾದರೆ 64, ಸಾಕಾಗಿ ಮಿಗುತ್ತದೆ. ಈ ಪದಗಳ ಅರ್ಥ ಬಿಡಿಸಿದವರಲ್ಲಿ ಹರಗೋಬಿಂದ ಖುರಾನಾ ಒಬ್ಬರು. ಅವರು ಪಂಜಾಬಿನ ಹಳ್ಳಿಯಲ್ಲಿ ಹುಟ್ಟಿ, ಮರದ ಕೆಳಗೆ ಪಾಠ ಕಲಿತವರು. 1968ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಬಹುಮಾನ ಪಡೆದರು.

ಈಗ ತಪ್ಪಿನ ವಿಷಯ. ರಕ್ತದ ಹಿಮೋಗ್ಲೋಬಿನ್ನಿನ ಒಂದು ಸರದಲ್ಲಿ 146 ಮಣಿಗಳಿವೆ. 6ನೆಯ ಮಣಿಗೆ ನಕಲಿನಲ್ಲಿ ‘ಜಿಎಜಿ’ ಎಂದಿರಬೇಕು. ಕೆಲವರಲ್ಲಿ ‘ಜಿಯುಜಿ’ ಎಂದಿರುತ್ತದೆ. ಆಗ ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲೀನ್ ಕೂರುತ್ತದೆ. ಅಷ್ಟಕ್ಕೇ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು, ದುಂಡಗಿನ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಕಾಲು ತಡೆಯಲಾರದಷ್ಟು ನೋಯುತ್ತವೆ, ರಕ್ತಹೀನತೆ ಬರುತ್ತದೆ. ಇದೇ ಸಿಕಲ್ ಸೆಲ್ ಕಾಯಿಲೆ. ಮೈಸೂರು, ಚಾಮರಾಜನಗರ ಕಡೆಯ ಹಾಡಿಗಳಲ್ಲೂ ಇದು ಇದೆ.

ಇದು ಶಾಪ ಅಲ್ಲ. ಮುಟ್ಟಿದರೆ, ಜೊತೆಗೆ ಕೂತು ಉಂಡರೆ ಬರೋದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಆ ತಪ್ಪು ಅಕ್ಷರ ಬಂದಾಗ ಮಗುವಿಗೆ ಕಾಯಿಲೆ ಬರುತ್ತದೆ. ಒಬ್ಬರಿಂದ ಮಾತ್ರ ಬಂದವರು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತಾರೆ, ಆದರೆ ಅದು ಅವರ ಮಕ್ಕಳಿಗೆ ದಾಟಬಹುದು. ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಇದಕ್ಕಾಗಿಯೇ 2023ರ ಜುಲೈ 1ರಂದು ಭಾರತ ಸರ್ಕಾರ ದೊಡ್ಡ ಕಾರ್ಯಕ್ರಮ ಶುರು ಮಾಡಿತು.

ಆದ್ದರಿಂದ ಗೆಳೆಯರೇ, ಮೈಕೈ ನೋವೆಂದು ಶಾಲೆಗೆ ಬಾರದವರನ್ನು ಸೋಮಾರಿ ಅನ್ನಬೇಡಿ. ತಪ್ಪಿಹೋದ ಪಾಠವನ್ನು ಅವರಿಗೆ ಬರೆದುಕೊಡೋಣ.