ಬಾಣಲೆಯ ಎದುರು ಸ್ವಲ್ಪ ಹೊತ್ತು ನಿಲ್ಲು

ಮಗಾ,

ಮೊನ್ನೆ ಚಾವಡಿಯಲ್ಲಿ ಕೂತು ನೀನು ತೋರಿಸಿದ ಪಟ್ಟಿಯನ್ನು ರಾತ್ರಿ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದೆ. ಎಂಟು ದಿನ. ಕ್ವಾಲಾಲಂಪುರ, ಪೆನಾಂಗ್, ಸಿಂಗಾಪುರ. ನೋಡಲಿಕ್ಕೆ ಮೂವತ್ತೊಂದು ಜಾಗ, ತಿನ್ನಲಿಕ್ಕೆ ನಲವತ್ತು ಬಗೆ. ಎಣಿಸಿದ್ದೇನೆ, ವರ್ಷಗಟ್ಟಲೆ ಶಾಲೆಯಲ್ಲಿ ಹಾಜರಿ ಕರೆದವಳು, ಎಣಿಸುವ ಚಟ ಹೋಗುವುದಿಲ್ಲ. ನಿದ್ದೆಗೆ ಮಾತ್ರ ಅದರಲ್ಲಿ ಎಲ್ಲಿಯೂ ಜಾಗ ಕಾಣಲಿಲ್ಲ.

ನಿನ್ನಮ್ಮ ಬಂದು "ಅಕ್ಕ, ನೀನಾದರೂ ನಾಲ್ಕು ಮಾತು ಹೇಳು" ಅಂದಳು. ಹೋಗಬೇಡ ಎಂದು ನನ್ನ ಬಾಯಿಂದ ಹೇಳಿಸುವ ಆಸೆ ಅವಳಿಗೆ. ನಾನು ಹಾಗೆ ಹೇಳುವವಳಲ್ಲ. ಹೋಗು. ಆದರೆ ಈಗ ಆಟಿ. ಮಳೆ ಬಿಟ್ಟೂಬಿಡದೆ ಹೊಡೆಯುತ್ತಿದೆ, ಮಲ್ಪೆಯಲ್ಲಿ ಬೋಟುಗಳೆಲ್ಲ ದಕ್ಕೆ ಸೇರಿವೆ, ಒಳಗೆ ಪತ್ರೊಡೆ ಬೇಯುತ್ತಿದೆ. ನನಗೆ ಪುರುಸೊತ್ತಿದೆ, ಹಾಗಾಗಿ ಬರೆಯುತ್ತೇನೆ.

ತಿನ್ನುವುದಕ್ಕೆಂದು ಸಮುದ್ರ ದಾಟುವುದು ಈಗಿನವರ ಹೊಸ ಹುಚ್ಚು ಎಂದು ನಿನ್ನಮ್ಮ ತಿಳಿದಿದ್ದಾಳೆ. ನಮ್ಮ ಕಡೆಯ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು 1951ರಲ್ಲೇ ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳನ್ನು ನೋಡಿ ಬಂದವರು. ಮಯ್ಯ ಸಹೋದರರು ಬೆಂಗಳೂರಿನಲ್ಲಿ 1924ರಲ್ಲಿ ಶುರುಮಾಡಿದ ಬ್ರಾಹ್ಮಿನ್ ಕಾಫಿ ಕ್ಲಬ್ ಅವರದು. ಈಗ ನೀವೆಲ್ಲ ಗಂಟೆಗಟ್ಟಲೆ ಕಾದು ತಿನ್ನುವ ಎಂಟಿಆರ್ ಅದೇ. ಯುರೋಪಿನಲ್ಲಿ ಅವರ ಕಣ್ಣು ಹಿಡಿದದ್ದು ಅಡುಗೆಮನೆಯ ಚೊಕ್ಕಟ. ವಾಪಸು ಬಂದವರೇ ತಟ್ಟೆ, ಲೋಟ, ಚಮಚಗಳನ್ನು ಕ್ರಿಮಿಶುದ್ಧಿ ಮಾಡುವ ಕ್ರಮ ತಂದರು. ಗಿರಾಕಿ ಬೇಕಾದರೆ ಅಡುಗೆಮನೆ ನೋಡಿಯೇ ಕೂರಲಿ ಎಂದರು. ತಿನ್ನಲು ಹೊರಟ ಮನುಷ್ಯ ಎಲ್ಲಿ ನೋಡಬೇಕು ಎಂಬುದು ಅವರಿಗೆ ಗೊತ್ತಿತ್ತು. ನಿನ್ನ ಪಟ್ಟಿಯ ನಲವತ್ತರಲ್ಲಿ ಇಪ್ಪತ್ತೈದನ್ನು ಹೊಡೆದುಹಾಕು, ಉಳಿದ ಹೊತ್ತಿನಲ್ಲಿ ಬಾಣಲೆಯ ಎದುರು ಸ್ವಲ್ಪ ನಿಲ್ಲು.

ನಾನು ನಿಂತದ್ದನ್ನು ಹೇಳುತ್ತೇನೆ. 2016ರಲ್ಲಿ ಸಿಂಗಾಪುರದ ಮಗಳ ಮನೆಗೆ ಹೋಗಿದ್ದಾಗ, ಶಾಲೆಯ ಇಬ್ಬರು ಗೆಳತಿಯರೂ ಬಂದು ಸೇರಿದರು; ಮೂವರೂ ನಾಲ್ಕು ದಿನಕ್ಕೆ ಪೆನಾಂಗಿಗೆ ಹೋದೆವು. ಒಂದು ಸಂಜೆ ಜಾರ್ಜ್‌ಟೌನಿನ ರಸ್ತೆ ಬದಿಯಲ್ಲಿ ಒಬ್ಬ ಮುದುಕ ಚಾರ್ ಕ್ವೆ ಟಿಯೋ ಹುರಿಯುತ್ತಿದ್ದ. ಅಕ್ಕಿಯ ಅಗಲ ಶಾವಿಗೆ ಅದು. ಒಂದು ಸಲಕ್ಕೆ ಒಂದೇ ತಟ್ಟೆಯದ್ದು. ಎದುರು ಹದಿನೈದು ಜನ ನಿಂತಿದ್ದರೂ ಎರಡು ತಟ್ಟೆಯದ್ದು ಒಟ್ಟಿಗೆ ಹಾಕಲಿಲ್ಲ. ಬಾಣಲೆ ಹೊಗೆಯಾಡುವವರೆಗೆ ಕಾದ, ಬೆಳ್ಳುಳ್ಳಿ ಎಸೆದ, ಶಾವಿಗೆ, ಮೊಳಕೆ, ಸೋಯಾ ರಸ, ಸಿಗಡಿ. ಎಲ್ಲವನ್ನೂ ಬದಿಗೆ ಸರಿಸಿ ನಡುವಿನ ಬರಿ ಜಾಗದಲ್ಲಿ ಮೊಟ್ಟೆ ಒಡೆದ. ಒಂದೂವರೆ ನಿಮಿಷ ಇರಬಹುದು. ತಟ್ಟೆಗೆ ಸುರಿದು, ಬಾಣಲೆಗೆ ನೀರು ಹೊಯ್ದು ತಿಕ್ಕಿ, ಮತ್ತೆ ಮೊದಲಿನಿಂದ. ಅಷ್ಟು ಹೊತ್ತೂ ಅವನು ತಲೆ ಎತ್ತಲಿಲ್ಲ. ನನಗೆ ನಮ್ಮ ಅಜ್ಜನ ನೆನಪಾಯಿತು. ಅಜ್ಜ ಮುಂಬಯಿಯ ಒಂದು ಉಡುಪಿ ಹೋಟೆಲಿನಲ್ಲಿ ದೋಸೆಕಲ್ಲಿನ ಎದುರು ಇಪ್ಪತ್ತೆರಡು ವರ್ಷ ನಿಂತವರು. ಅವರ ಬಲಗೈ ರೋಮ ಒಂದೂ ಉಳಿದಿರಲಿಲ್ಲ. ಆ ಮುದುಕನ ಕೈಯೂ ಹಾಗೆಯೇ ಇತ್ತು.

ಅದಕ್ಕೇ ಹೇಳುವುದು, ಅಂಥವನ ಮುಖಕ್ಕೆ ಫೋನು ಹಿಡಿಯಬೇಡ. ಕೇಳಿ ತೆಗೆ. ಊರೂರಿಗೆ ಹೋಗಿ ಅಡುಗೆ ಮಾಡಿ ಬದುಕಿದ ಜಿಲ್ಲೆ ನಮ್ಮದು. ಚೌಕಾಸಿಯೂ ಬೇಡ, ತಟ್ಟೆಗೆ ಇಷ್ಟು ಎಂದು ಬರೆದಿಟ್ಟ ತಿಂಡಿಗೆ ಅಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲ. ಎದುರು ನಿಂತರೆ ಇನ್ನೊಂದು ಲಾಭವಿದೆ: ಎಣ್ಣೆ ಎಷ್ಟು ಕರಿಕಾಗಿದೆ, ಮೀನು ಐಸಿನ ಮೇಲಿದೆಯೋ ಬರಿ ತಟ್ಟೆಯಲ್ಲಿದೆಯೋ, ಊರಿನವರು ತಿನ್ನುತ್ತಾರೋ ಇಲ್ಲ ನಿಮ್ಮಂಥವರೇ ತುಂಬಿದ್ದಾರೋ ಎಲ್ಲ ಕಣ್ಣಿಗೆ ಕಾಣುತ್ತದೆ. ಹೊಟ್ಟೆ ಕೆಡುವುದು ಬೀದಿಯಿಂದಲ್ಲ, ಆರಿದ್ದರಿಂದ. ಬಾಣಲೆಯಿಂದ ನೇರ ತಟ್ಟೆಗೆ ಬಂದದ್ದನ್ನು ಧೈರ್ಯವಾಗಿ ತಿನ್ನು. ಚಾರ್ ಕ್ವೆ ಟಿಯೋಗೆ ಹಾಕುವ ಚಿಪ್ಪಿನ ಮಾಂಸ ಮಾತ್ರ ಬೇಡ ಅನ್ನು. ಮಲಯದಲ್ಲಿ ಅದಕ್ಕೆ ಕೆರಾಂಗ್ ಅನ್ನುತ್ತಾರೆ, ನಮ್ಮ ಮರುವಾಯಿಯ ಕಡೆಯದ್ದೇ, ಒಳಗೆ ರಕ್ತದಂಥ ಕೆಂಪು ನೀರು. ಉದ್ಯಾವರ ಹೊಳೆಯ ಮರುವಾಯಿಯನ್ನು ನಾವು ಬಾಯಿ ತೆರೆದು ಬೇಯುವವರೆಗೆ ಬಿಡುವುದಿಲ್ಲ. ಅವರು ಅದನ್ನು ಅರ್ಧಂಬರ್ಧ ಬೇಯಿಸುತ್ತಾರೆ, ರುಚಿ ಅದರಲ್ಲೇ ಇದೆ ಎನ್ನುತ್ತಾರೆ. ಕಾಮಾಲೆ ತರುವ ರುಚಿ ನಮಗೆ ಬೇಡ.

ಈಗ ನಿನ್ನ ಜೊತೆಯ ಭಟ್ರ ಹುಡುಗನ ವಿಷಯ. ಮೊಟ್ಟೆಯನ್ನೂ ಮುಟ್ಟದವನು ಅಂತ ನೀನೇ ಹೇಳಿದೆ. "ಅವನಿಗೆ ಏನಾದರೂ ಸಿಗುತ್ತದೆ ದೊಡ್ಡಮ್ಮ" ಅಂದೆ. ಏನಾದರೂ ಸಿಗುತ್ತದೆ ಎಂಬ ಮಾತಿನಲ್ಲೇ ನಾನು ಒಮ್ಮೆ ಎಡವಿದ್ದು. ಪೆನಾಂಗಿನ ಆ ಸಂಜೆ ಜೊತೆಗಿದ್ದ ಒಬ್ಬ ಗೆಳತಿಯೂ ಹಾಗೆಯೇ ಶುದ್ಧ ಸಸ್ಯಾಹಾರಿ. ನಾನೇ ಮುಂದೆ ಹೋಗಿ, ಇಂಗ್ಲಿಷಿನಲ್ಲಿ, ಮಾಂಸ ಬೇಡ, ಸಿಗಡಿ ಬೇಡ, ಮೊಟ್ಟೆ ಬೇಡ ಅಂದೆ. ಮುದುಕ ತಲೆಯಾಡಿಸಿದ, ಅವನ್ನೆಲ್ಲ ಬಿಟ್ಟು ಹುರಿದುಕೊಟ್ಟ. ಅವಳು ತಿಂದಳು, ಒಳ್ಳೆಯದಾಗಿದೆ ಅಂದಳು. ಆ ಶಾವಿಗೆಯನ್ನು ಹುರಿಯುವುದು ಹಂದಿ ಕೊಬ್ಬಿನಲ್ಲಿ ಎಂದು ರಾತ್ರಿ ವಸತಿಗೃಹದ ಹುಡುಗಿ ಮಾತಿಗೆ ಮಾತು ಬಂದು ಹೇಳಿದಳು. ಗೆಳತಿ ನನಗೆ ಒಂದು ಶಬ್ದ ಅನ್ನಲಿಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು; ತುಂಬ ಹೊತ್ತು ಬಾಯಿ ಮುಕ್ಕಳಿಸುವ ಸದ್ದು ಕೇಳುತ್ತಿತ್ತು. ಮರುದಿನವೆಲ್ಲ ಬಾಳೆಹಣ್ಣು ತಿಂದಳು. ಮುದುಕನ ತಪ್ಪೇನಿಲ್ಲ, ನಾನು ಕೇಳಿದ್ದಕ್ಕೆ ಸರಿಯಾಗಿಯೇ ಕೊಟ್ಟ. ನಾನು ಎಣ್ಣೆ ಯಾವುದು ಎಂದು ಕೇಳಲಿಲ್ಲ.

ಮೂರನೇ ದಿನ ನಮಗೆ ದಾರಿ ಸಿಕ್ಕಿತು. ಚೀನೀ ಬೌದ್ಧರ ಸಸ್ಯಾಹಾರದ ಅಂಗಡಿಗಳು ಅಲ್ಲಿ ಬೇಕಾದಷ್ಟಿವೆ. ಹೆಚ್ಚಾಗಿ ಹಳದಿ ಬೋರ್ಡು, ಅದರ ಮೇಲೆ ಸಸ್ಯಾಹಾರ ಎಂದು ಸೂಚಿಸುವ ಒಂದು ಚೀನೀ ಅಕ್ಷರ. ಆ ಅಕ್ಷರವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಫೋನಿನಲ್ಲಿ ಈಗಲೇ ಇಟ್ಟುಕೊಳ್ಳಿ. ಪೆನಾಂಗಿನ ಚೀನೀ ಮಾತಿನಲ್ಲಿ ಸಸ್ಯಾಹಾರ ತಿನ್ನುವುದಕ್ಕೆ 'ಚಿಯಾ ಚಾಯ್' ಎನ್ನುತ್ತಾರೆ. ಕಟ್ಟುನಿಟ್ಟಿನ ಅಂಗಡಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ, ನಮ್ಮ ಕೃಷ್ಣಮಠದ ಅಡುಗೆಯ ಹಾಗೆ! ಗೆಳತಿ ಎರಡು ತಟ್ಟೆ ಬಾರಿಸಿದಳು, ನನ್ನನ್ನು ಕ್ಷಮಿಸಿದಳು. ನೀವು ನಾಲ್ವರೂ ದಿನಕ್ಕೆ ಒಂದು ಹೊತ್ತು ಅಂಥ ಕಡೆ ಕೂತು ತಿನ್ನಿ. ಅವನೊಬ್ಬನನ್ನು ಅಲ್ಲಿಗೆ ಕಳಿಸಿ ನೀವು ಮೂವರು ಏಡಿ ಒಡೆಯಲು ಹೋಗುವ ಏರ್ಪಾಡು ಬೇಡ.

ಹಣದ್ದೂ ಅದೇ ಕತೆ. ನಾಲ್ಕರಲ್ಲಿ ಒಂದು ಪಾಲು ಅಂತ ಸಮ ಹಂಚಿದರೆ, ಏಡಿ ತಿನ್ನದವನೂ ಏಡಿಗೆ ದುಡ್ಡು ಕೊಟ್ಟ ಹಾಗಾಯಿತು. ಅವನು ಬಾಯಿಬಿಟ್ಟು ಹೇಳುವುದಿಲ್ಲ, ಮಣಿಪಾಲಕ್ಕೆ ಬಂದ ಮೇಲೆ ನಿಮ್ಮ ಜೊತೆ ಚಾ ಕುಡಿಯುವುದನ್ನು ಕಡಿಮೆ ಮಾಡುತ್ತಾನೆ. ಕೋಣೆ, ಬಸ್ಸು, ಟ್ಯಾಕ್ಸಿಗೆ ಒಂದು ಗಂಟು ಮಾಡಿ. ತಿಂದದ್ದಕ್ಕೆ ತಿಂದವನೇ ಕೊಡಲಿ. ಸಣ್ಣ ನೋಟು ಇಟ್ಟುಕೊಳ್ಳಿ.

ಪೆನಾಂಗಿನ ಹಳೆಯ ಕಾಫಿ ಅಂಗಡಿಗಳ ಒಂದು ಕ್ರಮ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೈಸಿಕೊಳ್ಳುತ್ತೀರಿ. ಅಂಗಡಿ ಒಬ್ಬನದು, ಒಳಗೆ ಶಾವಿಗೆ, ಲಕ್ಸಾ ಎಂಬ ಶಾವಿಗೆಯ ಸಾರು, ಅನ್ನ ಮಾರುವವರು ಬೇರೆಬೇರೆಯವರು, ಜಾಗಕ್ಕೆ ಬಾಡಿಗೆ ಕೊಟ್ಟು ನಿಂತವರು. ಕುಡಿಯುವುದನ್ನು ಮಾರುವವನು ಸಾಮಾನ್ಯವಾಗಿ ಅಂಗಡಿಯವನೇ. ಮೇಜು ಹಿಡಿದ ಮೇಲೆ ಅವನಿಂದ ಏನಾದರೂ ಕುಡಿಯಲೇಬೇಕು, ಅವನ ಬದುಕು ನಡೆಯುವುದು ಅದರಲ್ಲಿ. ಬಾಟಲಿ ನೀರು ಚೀಲದಿಂದ ತೆಗೆದು ಇಟ್ಟುಕೊಂಡು ಕೂತರೆ ಮುಖ ಗಂಟು ಹಾಕುತ್ತಾನೆ. ಕೋಪಿ-ಓ ಎಂದರೆ ಸಕ್ಕರೆ ಹಾಕಿದ ಕರಿಕಾಫಿ. ನಮ್ಮ ಫಿಲ್ಟರ್ ಕಾಫಿಗೆ ಹೋಲಿಸಿ ಮೂಗು ಮುರಿಯಬೇಡ. ಅವರು ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಹುರಿಯುತ್ತಾರೆ, ಅದರ ಕಹಿಯೇ ಬೇರೆ. ಬೆಳಿಗ್ಗೆಯ ತಿಂಡಿ ಸಂಜೆ ಸಿಗುವುದಿಲ್ಲ, ಸಂಜೆಯದ್ದು ಬೆಳಿಗ್ಗೆ ಇಲ್ಲ. ಗೋಳಿಬಜೆಯನ್ನು ಬೆಳಿಗ್ಗೆ ಏಳಕ್ಕೆ ಕೇಳಿದರೆ ನಮ್ಮ ಹೋಟೆಲಿನವರು ಹೇಗೆ ನೋಡುತ್ತಾರೋ ಹಾಗೆ ನೋಡುತ್ತಾರೆ.

ನೋಡುವ ಜಾಗಗಳ ಬಗ್ಗೆ ನನ್ನದು ಹೆಚ್ಚೇನಿಲ್ಲ. ಜಾರ್ಜ್‌ಟೌನ್ 2008ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಬೀದಿಗಳೇ ನೋಡುವಂಥವು, ನಡೆದರೆ ಸಾಕು. ಅರ್ಮೇನಿಯನ್ ಬೀದಿಯ ಗೋಡೆಯಲ್ಲಿ ಸೈಕಲ್ ಮೇಲೆ ಕೂತ ಇಬ್ಬರು ಮಕ್ಕಳ ಚಿತ್ರವಿದೆ, ಸೈಕಲ್ ಮಾತ್ರ ನಿಜದ್ದು. ಅದರ ಜೊತೆ ಫೋಟೊ ತೆಗೆಸಿಕೊಳ್ಳಲು ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಲ್ಲುವವರನ್ನು ಕಂಡಿದ್ದೇನೆ. ನಿಲ್ಲುವುದಾದರೆ ಲಕ್ಸಾಕ್ಕೆ ನಿಲ್ಲು.

ನೀವು ಹೋಗುವುದು ಆಗಸ್ಟ್ ಕೊನೆಗೆ. ಅಲ್ಲಿಯ ಚೀನೀಯರಿಗೆ ಅದು ಹೆಚ್ಚುಕಡಿಮೆ ಹಸಿದ ಪ್ರೇತಗಳ ತಿಂಗಳು. ಆಟಿಯಲ್ಲಿ ನಾವು ಕುಲೆಗಳಿಗೆ ಬಡಿಸುವುದಿಲ್ಲವೇ, ಹಾಗೆಯೇ. ರಸ್ತೆ ಬದಿಯಲ್ಲಿ ಊದುಬತ್ತಿ ಹಚ್ಚಿ ಅನ್ನ, ಹಣ್ಣು ಇಟ್ಟಿರುತ್ತಾರೆ. ಫೋನು ನೋಡುತ್ತ ನಡೆದು ತುಳಿಯಬೇಡಿ. ಬಯಲಲ್ಲಿ ಆಟ ಕಟ್ಟಿರುತ್ತಾರೆ, ನಮ್ಮ ಬಯಲಾಟದ ಹಾಗೆ ದೊಡ್ಡ ದನಿ, ಬಣ್ಣ. ಮುಂದಿನ ಸಾಲಿನ ಕುರ್ಚಿಗಳು ಖಾಲಿ ಇರುತ್ತವೆ. ಪುಣ್ಯಕ್ಕೆ ಜಾಗ ಸಿಕ್ಕಿತು ಎಂದು ಹೋಗಿ ಕೂರಬೇಡ, ಅದು ಸತ್ತವರಿಗೆ ಬಿಟ್ಟ ಸಾಲು.

ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಹೊಟ್ಟೆ ಗಂಜಿ ಕೇಳುತ್ತದೆ. ಕೇಳಿದಾಗ ಅಲ್ಲಿಯ ಚೀನೀಯರ ಟಿಯೋಚ್ಯೂ ಗಂಜಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸು. ಅಗುಳು ಅಗುಳಾಗಿ, ತೆಳ್ಳಗೆ ತಿಳಿಯಲ್ಲಿ ತೇಲುವ ಅನ್ನ. ಬದಿಗೆ ಉಪ್ಪಿನಲ್ಲಿ ಹಾಕಿದ ಸೊಪ್ಪು, ಉಪ್ಪು ಮೊಟ್ಟೆ, ಮೀನು. ನಾನು ಮೊದಲ ತುತ್ತಿಗೇ ಉದ್ಯಾವರದ ಜಗಲಿಯಲ್ಲಿ ಕೂತ ಹಾಗೆ ಕೂತುಬಿಟ್ಟೆ. ಕುಚ್ಚಲಕ್ಕಿ ಅಲ್ಲ ಎಂಬುದೊಂದೇ ಕೊರತೆ. ಓಆರ್‌ಎಸ್ ಪೊಟ್ಟಣ ನಾಲ್ಕು ಇಟ್ಟುಕೊ, ನಿನ್ನಮ್ಮನ ಸಮಾಧಾನಕ್ಕೂ ಆಯಿತು.

ಸಿಂಗಾಪುರದಲ್ಲಿ ಎರಡೇ ಮಾತು. ಸಾಲು ತಿಂಡಿ ಅಂಗಡಿಗಳ ಹಾಕರ್ ಕೇಂದ್ರಗಳಲ್ಲಿ ತಿಂದ ತಟ್ಟೆಯನ್ನು ನೀವೇ ಎತ್ತಿ ಅದರ ಜಾಗಕ್ಕೆ ಇಡಬೇಕು. 2021ರಿಂದ ಇದು ಕಾನೂನು. ಖಾಲಿ ಮೇಜಿನ ಮೇಲೆ ಕೈ ಒರೆಸುವ ಕಾಗದದ ಪೊಟ್ಟಣವೊಂದು ಬಿದ್ದಿದ್ದರೆ ಅದು ಯಾರೋ ಬಿಟ್ಟುಹೋದದ್ದಲ್ಲ, ಜಾಗ ಹಿಡಿದದ್ದು. ನಮ್ಮ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕುವ ಹಾಗೆ. ಸೆರಂಗೂನ್ ರಸ್ತೆಯಲ್ಲಿ ಎಂಟಿಆರ್ ಕೂಡ ಇದೆ. ಮೊದಲ ದಿನವೇ ಅಲ್ಲಿಗೆ ಓಡಿದೆ ಎಂದು ಕೇಳಿದರೆ ನಾನು ನಿನ್ನನ್ನು ಮಾತಾಡಿಸುವುದಿಲ್ಲ.

ಇನ್ನು ಲಕ್ಸಾ. ಪೆನಾಂಗಿನ ಅಸಾಂ ಲಕ್ಸಾದಲ್ಲಿ ಅವರು ಹಾಕುವ ಕೆಂಬುಂಗ್ ಎಂಬ ಮೀನು ಏನು ಗೊತ್ತುಂಟಾ? ನಮ್ಮ ಬಂಗುಡೆಯ ಜಾತಿಯದ್ದೇ ಮಾರಾಯ. ಬೇಯಿಸಿ, ಮುಳ್ಳು ತೆಗೆದು, ಹುಡಿ ಮಾಡಿ, ಹುಣಸೆಹುಳಿ, ಮೆಣಸು ಹಾಕಿ ಕುದಿಸುತ್ತಾರೆ. ಕುದಿಯುವಾಗ ಒಣಗಿದ ಹುಳಿ ಹೋಳೂ ಹಾಕುತ್ತಾರೆ, ಅಸಾಂ ಕೆಪಿಂಗ್ ಅಂತ ಹೆಸರು. ನಮ್ಮ ಪುನರ್ಪುಳಿಯ ದಾಯಾದಿ ಮರದ್ದು. ಆ ಬಟ್ಟಲಿನ ಮೇಲೆ ಬಗ್ಗಿದಾಗ ಬರುವ ಪರಿಮಳಕ್ಕೆ ನಾನು ಅಲ್ಲಿಯೇ ಒಮ್ಮೆ ನಮ್ಮಮ್ಮನನ್ನು ಕರೆದಿದ್ದೇನೆ.

ಬರುವಾಗ ನನಗೆ ಚಾಕಲೇಟು, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತ ಏನೂ ತರಬೇಡ. ಪೇಟೆಯಲ್ಲಿ ಆ ಒಣ ಹುಳಿ ಹೋಳು ಕಾಲು ಕಿಲೋ ತಾ. ಅಷ್ಟರಲ್ಲಿ ಮಲ್ಪೆಯ ಬೋಟುಗಳು ನೀರಿಗಿಳಿದಿರುತ್ತವೆ, ಬಂಗುಡೆ ಬಂದಿರುತ್ತದೆ. ಒಂದು ಮಣ್ಣಿನ ಪಾತ್ರೆಯಲ್ಲಿ ನಮ್ಮ ಹುಳಿ ಹಾಕಿ ಪುಳಿಮುಂಚಿ ಮಾಡುತ್ತೇನೆ, ಇನ್ನೊಂದರಲ್ಲಿ ಅವರದ್ದು ಹಾಕಿ. ಭಟ್ರ ಹುಡುಗನಿಗೆ ಮಟ್ಟುಗುಳ್ಳದ್ದು ಬೇರೆ ಇರುತ್ತದೆ, ನಾಲ್ವರನ್ನೂ ಕರೆದುಕೊಂಡು ಬಾ.

ದೊಡ್ಡಮ್ಮ