ಹೈನುಗಾರನಿಗೆ ನಿವೃತ್ತಿ ಯಾವಾಗ?



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಕೆಚ್ಚಲು ಬಾವು, ಬೆದೆಯ ಲಕ್ಷಣ, ಹಸಿರು ಮೇವು ಮೊದಲಾದ ವಿಷಯಗಳನ್ನು ತಿಳಿದುಕೊಳ್ಳುತ್ತೇವೆ. ಈ ಸಲದ ಪಾಠ ರಾಸುಗಳದ್ದಲ್ಲ, ರಾಸು ಸಾಕುವವರದ್ದು. ದನದ ಡಾಕ್ಟರಿಗೆ ಈ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಅದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳುತ್ತೇನೆ.

ಮುಂಡರಗಿ ತಾಲೂಕಿನ ಕೊರ್ಲಹಳ್ಳಿ ತುಂಗಭದ್ರೆಯ ದಂಡೆಯ ಊರು. ಅಲ್ಲಿ ಒಂದು ಸಂಜೆ ಹಾಲು ಹಾಕುವ ಹೊತ್ತಿನಲ್ಲಿ, ಗಬ್ಬ ನಿಲ್ಲದ ರಾಸುಗಳ ತಪಾಸಣೆ ಮುಗಿಸಿ ಕುಳಿತಿದ್ದೆ. ಹಿರಿಯ ಉತ್ಪಾದಕರೊಬ್ಬರು ಕ್ಯಾನು ಕೆಳಗಿಟ್ಟು ಕೇಳಿದರು: “ಸಾಹೇಬ್ರ, ನಮ್ಮೂರ ಮಾಸ್ತರ್ರು ನನ್ನ ವಾರಿಗಿಯವರು. ಅವರಿಗೆ 60 ಆತು, ಹಾರ ಹಾಕಿ ಮನಿಗೆ ಕಳಿಸಿದ್ರು. ಈಗ ತಿಂಗಳಾ ಪಿಂಚಣಿ ಬರತೈತಿ. ನನಗ 63 ಆತು. ಇನ್ನೂ ಬೆಳಿಗ್ಗೆ ನಾಕಕ್ಕ ಏಳತೀನಿ. ನನ್ನ ಯಾವಾಗ ರಿಟೈರ್ ಮಾಡ್ತೀರಿ?”

ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಉತ್ತರ ನನ್ನಲ್ಲಿರಲಿಲ್ಲ.

ಕೆಲವು ತಿಂಗಳ ನಂತರ ಅದೇ ಅಜ್ಜಾರು ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಆಸ್ಪತ್ರೆಯ ಖರ್ಚಿಗೆ ಕೈಯಲ್ಲಿ ಹಣವಿರಲಿಲ್ಲ. ಈದು ಎರಡು ತಿಂಗಳೂ ತುಂಬದ ಆಕಳನ್ನು ಮಾರಿದರು. ಆಕಳು ಈದ ಆರರಿಂದ ಎಂಟು ವಾರಗಳಲ್ಲಿ ಅತಿ ಹೆಚ್ಚು ಹಾಲು ಕೊಡುತ್ತದೆ. ಅಂಥ ಸಮಯದಲ್ಲಿ ಮಾರುವುದೆಂದರೆ ಇಡೀ ಸೂಲಿನ ಗಳಿಕೆಯನ್ನೇ ಮಾರಿದಂತೆ. ಮಾರುವವರ ಅಡಚಣೆ ಕೊಳ್ಳುವವರಿಗೆ ಗೊತ್ತಿತ್ತು, ಬೆಲೆಯೂ ಇಳಿಯಿತು. ಆ ಆಕಳಿಗೆ ನಾನು ಕೊಟ್ಟ ಚಿಕಿತ್ಸೆಯಲ್ಲಿ ತಪ್ಪಿರಲಿಲ್ಲ, ಅಜ್ಜಾರ ದುಡಿಮೆಯಲ್ಲಿಯೂ ಕೊರತೆ ಇರಲಿಲ್ಲ. ಇಲ್ಲದಿದ್ದದ್ದು ಕಷ್ಟಕಾಲಕ್ಕೆಂದು ಎತ್ತಿಟ್ಟ ಹಣ.

ಪಿಂಚಣಿಯ ವಯಸ್ಸು ನಿಂತ ನೀರಲ್ಲ

ಜರ್ಮನಿಯಲ್ಲಿ 1889ರಲ್ಲಿ ವೃದ್ಧಾಪ್ಯ ಪಿಂಚಣಿಯ ಕಾನೂನು ಬಂದಾಗ ಅದಕ್ಕೆ 70 ವರ್ಷ ತುಂಬಬೇಕಿತ್ತು. 1916ರಲ್ಲಿ ಅದನ್ನು 65ಕ್ಕೆ ಇಳಿಸಿದರು. ಈಗ ಮತ್ತೆ ಏರಿಸುತ್ತಿದ್ದು, 2031ರ ಹೊತ್ತಿಗೆ 67 ಆಗಲಿದೆ. ಬ್ರಿಟನ್ನಿನಲ್ಲಿ 2020ರಲ್ಲಿ 66 ಆಯಿತು, ಮುಂದೆ 67ಕ್ಕೆ ಏರುತ್ತದೆ. ಅಮೆರಿಕದಲ್ಲಿ 1960 ಮತ್ತು ನಂತರ ಹುಟ್ಟಿದವರಿಗೆ ಪೂರ್ಣ ಪಿಂಚಣಿ ಸಿಗುವುದು 67ಕ್ಕೆ. ಕಾರಣ ಸರಳ. ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ, ಮಕ್ಕಳು ಕಡಿಮೆಯಾಗಿದ್ದಾರೆ. ದುಡಿದು ತುಂಬುವವರು ಕಡಿಮೆಯಾಗಿ, ಕುಳಿತು ಪಡೆಯುವವರು ಹೆಚ್ಚಾದಾಗ ಸರಕಾರಗಳು ವಯಸ್ಸನ್ನು ಮುಂದೆ ತಳ್ಳುತ್ತವೆ.

ನಮ್ಮ ರಾಜ್ಯದಲ್ಲಿ 2008ರಲ್ಲಿ ಸರಕಾರಿ ನೌಕರರ ನಿವೃತ್ತಿ ವಯಸ್ಸು 58ರಿಂದ 60ಕ್ಕೆ ಏರಿತು. ಅದಕ್ಕೂ ಮೊದಲು, 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರಿಗೆ ಹೊಸ ಪಿಂಚಣಿ ಪದ್ಧತಿ ಬಂದು, ಅವರ ಸಂಬಳದಿಂದಲೇ ಪ್ರತಿ ತಿಂಗಳು ಹಣ ಮುರಿದುಕೊಳ್ಳುವುದು ಶುರುವಾಯಿತು. ಸರಕಾರಿ ನೌಕರರಿಗೇ ಸ್ವಂತ ಉಳಿತಾಯದ ಪಾಠ ಬಂದಿರುವಾಗ ನಾವು ಸುಮ್ಮನೆ ಕೂಡುವುದು ಸರಿಯೇ?

ಬಡ ವೃದ್ಧರ ಪಿಂಚಣಿಯ ಕಥೆ ಬೇರೆ. ಕೇಂದ್ರ ಸರಕಾರ 1995ರ ಆಗಸ್ಟ್ 15ರಂದು ಇದನ್ನು ಆರಂಭಿಸಿದಾಗ 65 ವರ್ಷ ದಾಟಿರಬೇಕಿತ್ತು, ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. 2011ರಲ್ಲಿ ವಯಸ್ಸನ್ನು 60ಕ್ಕೆ ಇಳಿಸಲಾಯಿತು. ಹೊರದೇಶಗಳಲ್ಲಿ ಏರಿದ್ದು ನಮ್ಮಲ್ಲಿ ಇಳಿಯಿತು ಎಂದು ಸಂತೋಷಪಡಬಹುದು. ಆದರೆ ಮೊತ್ತ ನೋಡಿ. 79 ವರ್ಷದವರೆಗಿನವರಿಗೆ ಕೇಂದ್ರದ ಪಾಲು 2006ರಲ್ಲಿ 200 ರೂಪಾಯಿಗೆ ಬಂದು ಅಲ್ಲಿಯೇ ನಿಂತಿದೆ. ರಾಜ್ಯ ಸರಕಾರ ತನ್ನ ಪಾಲು ಸೇರಿಸಿ, 60ರಿಂದ 64 ವರ್ಷದವರಿಗೆ ತಿಂಗಳಿಗೆ 800, 65 ದಾಟಿದವರಿಗೆ 1,200 ರೂಪಾಯಿ ಕೊಡುತ್ತದೆ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆ ಕೂಡ 65 ದಾಟಿದವರಿಗೆ. ಇವೆಲ್ಲಕ್ಕೂ ಆದಾಯದ ಮಿತಿ ಇದೆ. ಅರ್ಹರಾದವರು ನಾಡಕಚೇರಿಯಲ್ಲಿ ಅರ್ಜಿ ಹಾಕಿ ತಪ್ಪದೆ ಪಡೆಯಬೇಕು, ಅದರಲ್ಲಿ ಸಂಕೋಚ ಬೇಡ. ಆದರೆ ಅದೊಂದರಿಂದಲೇ ಮುಪ್ಪು ಕಳೆಯಲಾಗದು.

ಇಷ್ಟಕ್ಕೂ ನೌಕರರ ನಿವೃತ್ತಿಯನ್ನು ಸರಕಾರ ಗೊತ್ತು ಮಾಡುತ್ತದೆ. ನಮ್ಮ ನಿವೃತ್ತಿಯನ್ನು ಮೊಳಕಾಲು ಗೊತ್ತು ಮಾಡುತ್ತದೆ. ಅದು ಆದೇಶ ಹೊರಡಿಸಿ ಬರುವುದಿಲ್ಲ.

“ದನಾನೇ ನಮ್ಮ ಪಿಂಚಣಿ” ಎಂಬ ಮಾತು

ಈ ಮಾತನ್ನು ಹಳ್ಳಿ ಹಳ್ಳಿಯಲ್ಲಿ ಕೇಳುತ್ತೇನೆ. ಅದರಲ್ಲಿ ಅರ್ಧ ಸತ್ಯವಿದೆ. ಮನೆಯಲ್ಲಿ ಬೆಳೆಸಿದ ಒಂದು ಒಳ್ಳೆಯ ಮಣಕ ನಿಜವಾಗಿಯೂ ಆಸ್ತಿ. ಉಳಿದರ್ಧವನ್ನು 2022ರಲ್ಲಿ ಚರ್ಮಗಂಟು ರೋಗ ಬಂದಾಗ ನೋಡಿದೆವು. ನಿನ್ನೆ ಹಿಂಡಿದ ಆಕಳು ಇಂದು ಮೇವು ಬಿಟ್ಟು ನಿಂತಿತು. ದನಕ್ಕೆ ರೋಗ ಬರುತ್ತದೆ, ವಯಸ್ಸಾಗುತ್ತದೆ. ಮೇಲಾಗಿ ಅದನ್ನು ನೋಡಿಕೊಳ್ಳಲು ಗಟ್ಟಿ ಕೈಕಾಲು ಬೇಕು. ನಿಮ್ಮ ಕೈಕಾಲು ಸೋತ ದಿನವೇ ಈ ಪಿಂಚಣಿಯೂ ನಿಲ್ಲುತ್ತದೆ.

ಮಕ್ಕಳು ನೋಡಿಕೊಳ್ಳುತ್ತಾರೆ ಎಂಬುದು ಇನ್ನೊಂದು ಮಾತು. ನೋಡಿಕೊಳ್ಳಲಿ, ಅದು ಅವರ ಧರ್ಮ. ಆದರೆ ನಮ್ಮ ಭಾಗದ ಹುಡುಗರು ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ. ಅಲ್ಲಿ ಬಾಡಿಗೆ ಕೊಟ್ಟು, ಮಕ್ಕಳ ಶಾಲೆಯ ಶುಲ್ಕ ಕಟ್ಟಿ, ಊರಿಗೆ ಎಷ್ಟು ಕಳಿಸಿಯಾರು? ಕೈಯಲ್ಲಿ ನಾಲ್ಕು ಕಾಸಿದ್ದರೆ ತಂದೆತಾಯಿಯ ಮಾತಿಗೂ ತೂಕವಿರುತ್ತದೆ.

ಆಕಳು ಕಲಿಸುವ ಪಾಠ

ಗಬ್ಬದ ಆಕಳಿಗೆ ಈಯುವ ಎರಡು ತಿಂಗಳ ಮೊದಲು ಹಾಲು ಬತ್ತಿಸಬೇಕೆಂದು ನಾವು ಮತ್ತೆ ಮತ್ತೆ ಹೇಳುತ್ತೇವೆ. ಇನ್ನೂ ಎರಡು ಲೀಟರು ಬರುತ್ತಿದೆ ಎಂದು ಆಸೆಪಟ್ಟು ಕೊನೆಯವರೆಗೆ ಹಿಂಡಿದರೆ ಮುಂದಿನ ಸೂಲು ಕೆಡುತ್ತದೆ. ಇಂದು ಸ್ವಲ್ಪ ಬಿಟ್ಟರೆ ನಾಳೆ ಹೆಚ್ಚು ಬರುತ್ತದೆ ಎಂಬುದು ಹೈನುಗಾರನಿಗೆ ಹೊಸ ವಿಚಾರವಲ್ಲ. ಅದನ್ನೇ ಬಟವಾಡೆಯ ಹಣಕ್ಕೆ ಅನ್ವಯಿಸಬೇಕು.

ನನ್ನ ಸಂಬಳದಲ್ಲಿ ಭವಿಷ್ಯ ನಿಧಿಗೆ ಪ್ರತಿ ತಿಂಗಳು ಹಣ ಮುರಿಯುತ್ತಾರೆ. ನನಗೆ ಉಳಿತಾಯದ ಬುದ್ಧಿ ಹೆಚ್ಚಿದೆ ಎಂದಲ್ಲ. ಕೈಗೆ ಬರುವ ಮೊದಲೇ ಮುರಿಯುವುದರಿಂದ ಅದು ಉಳಿದಿದೆ. ಖರ್ಚು ಕಳೆದು ಉಳಿದದ್ದನ್ನು ಇಡುತ್ತೇನೆ ಎಂದವರಿಗೆ ಎಂದೂ ಉಳಿಯುವುದಿಲ್ಲ. ಹೈನುಗಾರರಿಗೆ ಮುರಿಯುವವರು ಯಾರೂ ಇಲ್ಲ, ನಾವೇ ಮುರಿದುಕೊಳ್ಳಬೇಕು.

ಅದಕ್ಕೆ ಒಂದು ಸುಲಭ ದಾರಿ ಇದೆ. ರಾಜ್ಯ ಸರಕಾರದ ಹಾಲಿನ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ, 2013ರಲ್ಲಿ 4, 2016ರಲ್ಲಿ 5 ರೂಪಾಯಿ ಆಯಿತು. ಅದು ಹಾಲಿನ ಬಟವಾಡೆಯ ಜೊತೆ ಬರುವುದಿಲ್ಲ, ಬೇರೆಯಾಗಿ, ಕೆಲವೊಮ್ಮೆ ತಡವಾಗಿ ಖಾತೆಗೆ ಬೀಳುತ್ತದೆ. ಅಂದರೆ ಅದಿಲ್ಲದೆಯೂ ನಿಮ್ಮ ಸಂಸಾರ ಆ ತಿಂಗಳು ನಡೆದಿರುತ್ತದೆ. ಅದನ್ನೇ ಮುಪ್ಪಿನ ಹಣವೆಂದು ತಿಳಿಯಿರಿ. ವರ್ಷದ ಸರಾಸರಿ ದಿನಕ್ಕೆ 6 ಲೀಟರು ಹಾಕುವವರಿಗೆ ದಿನಕ್ಕೆ 30, ತಿಂಗಳಿಗೆ 900 ರೂಪಾಯಿ ಆಗುತ್ತದೆ.

ಬೇಗ ಶುರು ಮಾಡಿದವರ ಲೆಕ್ಕ

ತಿಂಗಳಿಗೆ 900 ರೂಪಾಯಿಯಂತೆ, ಶೇಕಡಾ 6ರ ಬಡ್ಡಿ ಸಿಕ್ಕಿತೆಂದು ಇಟ್ಟುಕೊಳ್ಳಿ.

55ನೇ ವಯಸ್ಸಿಗೆ ಶುರು ಮಾಡಿದವರಿಗೆ 60ಕ್ಕೆ ಸುಮಾರು 63 ಸಾವಿರ ಆಗುತ್ತದೆ.
50ಕ್ಕೆ ಶುರು ಮಾಡಿದವರಿಗೆ ಸುಮಾರು 1 ಲಕ್ಷ 47 ಸಾವಿರ.
40ಕ್ಕೆ ಶುರು ಮಾಡಿದವರಿಗೆ ಸುಮಾರು 4 ಲಕ್ಷ 15 ಸಾವಿರ.

ಮೂರನೆಯವರು ಕೈಯಿಂದ ಹಾಕಿದ್ದು 2 ಲಕ್ಷ 16 ಸಾವಿರ ಮಾತ್ರ. ಉಳಿದದ್ದು ಬಡ್ಡಿಯ ಮೇಲೆ ಬಡ್ಡಿ. ಅವರು ಗಂಟನ್ನು ಮುಟ್ಟದೆ ಅದೇ ದರದ ಬಡ್ಡಿಯನ್ನಷ್ಟೇ ತೆಗೆದುಕೊಂಡರೂ ತಿಂಗಳಿಗೆ 2 ಸಾವಿರದ ಮೇಲೆ ಬರುತ್ತದೆ.

ಇದರಲ್ಲಿ ಒಂದು ಎಚ್ಚರಿಕೆಯೂ ಇದೆ. ಬೆಲೆಗಳು ವರ್ಷಕ್ಕೆ ಶೇಕಡಾ 5ರಂತೆ ಏರಿದರೆ ಇಂದು 100 ರೂಪಾಯಿಗೆ ಸಿಗುವ ಸಾಮಾನಿಗೆ 20 ವರ್ಷದ ನಂತರ 265 ರೂಪಾಯಿ ಬೇಕು. ಆದ್ದರಿಂದ ಹಾಲಿನ ದರ ಏರಿದಾಗಲೆಲ್ಲ ಉಳಿತಾಯದ ಕಂತನ್ನೂ ಏರಿಸಬೇಕು.

40ರ ಬಾಗಿಲು

ರೈತರಿಗೆ ಉಪಯುಕ್ತವಾದ ಎರಡು ಸರಕಾರಿ ಪಿಂಚಣಿ ಯೋಜನೆಗಳಿವೆ. ಎರಡಕ್ಕೂ 18ರಿಂದ 40ರೊಳಗೆ ಸೇರಬೇಕು. ಆ ಬಾಗಿಲು ಮುಚ್ಚಿದರೆ ಮತ್ತೆ ತೆರೆಯದು.

1. ಪ್ರಧಾನ ಮಂತ್ರಿ ಕಿಸಾನ್ ಮಾನ್‌ಧನ್ ಯೋಜನೆ (2019): 2 ಹೆಕ್ಟೇರ್‌ವರೆಗೆ ಜಮೀನುಳ್ಳ ಸಣ್ಣ, ಅತಿ ಸಣ್ಣ ರೈತರಿಗೆ. ಸೇರುವ ವಯಸ್ಸಿನಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಂತು. ಕೇಂದ್ರ ಸರಕಾರವೂ ಅಷ್ಟೇ ಹಾಕುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ. ಪಿಂಚಣಿ ಪಡೆಯುತ್ತಿದ್ದವರು ತೀರಿಕೊಂಡರೆ ಗಂಡ ಅಥವಾ ಹೆಂಡತಿಗೆ ಅದರ ಅರ್ಧ. ಪಿಎಂ ಕಿಸಾನ್ ಹಣದಿಂದಲೇ ಕಂತು ಮುರಿಯಲು ಒಪ್ಪಿಗೆ ಕೊಡಬಹುದು. ಆಧಾರ್ ಮತ್ತು ಬ್ಯಾಂಕಿನ ಪಾಸ್‌ಬುಕ್ ಹಿಡಿದು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ ವಿಚಾರಿಸಿ.

2. ಅಟಲ್ ಪಿಂಚಣಿ ಯೋಜನೆ (2015): ಜಮೀನು ಬೇಕಿಲ್ಲ, ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆ ಇದ್ದರೆ ಸಾಕು. ಆದಾಯ ತೆರಿಗೆ ಕಟ್ಟುವವರು ಸೇರುವಂತಿಲ್ಲ. 60ರ ನಂತರ 1,000ದಿಂದ 5,000 ರೂಪಾಯಿ ಖಾತರಿ ಪಿಂಚಣಿ. 5,000ದ ಪಿಂಚಣಿಗೆ 18ನೇ ವಯಸ್ಸಿಗೆ ಸೇರಿದವರು ತಿಂಗಳಿಗೆ 210, 30ಕ್ಕೆ ಸೇರಿದವರು 577, 40ಕ್ಕೆ ಸೇರಿದವರು 1,454 ರೂಪಾಯಿ ಕಟ್ಟಬೇಕು. ತಡ ಮಾಡಿದರೆ ಎಷ್ಟು ದುಬಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಲ್ಲಿ ತಾಯಂದಿರಿಗೆ ಒಂದು ಮಾತು. ಮೇವು ತರುವವರು, ಸಗಣಿ ಬಳಿಯುವವರು, ಹಾಲು ಹಿಂಡುವವರು ಹೆಚ್ಚಾಗಿ ನೀವು. ಪಹಣಿಯಲ್ಲಿ ಮಾತ್ರ ನಿಮ್ಮ ಹೆಸರಿಲ್ಲ. ಹೊಲ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೂ ಅಟಲ್ ಪಿಂಚಣಿ ಖಾತೆ ನಿಮ್ಮ ಹೆಸರಿನಲ್ಲಿಯೇ ಇರಲಿ.

40 ದಾಟಿದವರು ಕೈಚೆಲ್ಲಬೇಕಿಲ್ಲ. ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಆವರ್ತಕ ಠೇವಣಿ ಇಡಬಹುದು. 15 ವರ್ಷದ ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿಪಿಎಫ್ ಇದೆ. ಅದಕ್ಕೆ ವರ್ಷಕ್ಕೆ ಕನಿಷ್ಠ 500 ರೂಪಾಯಿ ಕಟ್ಟಿದರೆ ಸಾಕು. 60 ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ.

ಉಳಿತಾಯಕ್ಕೂ ಒಂದು ಕ್ರಮವಿದೆ

ಮೊದಲು ಬಡ್ಡಿ ಸಾಲ ತೀರಿಸಿ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ 36. ಆ ಸಾಲ ಇಟ್ಟುಕೊಂಡು ಶೇಕಡಾ 6ಕ್ಕೆ ಠೇವಣಿ ಇಡುವುದು ತೂತು ಕ್ಯಾನಿಗೆ ಹಾಲು ಹಿಂಡಿದಂತೆ.

ಎರಡನೆಯದಾಗಿ, ಎರಡು ಮೂರು ತಿಂಗಳ ಮನೆ ಖರ್ಚು ಮತ್ತು ಪಶು ಆಹಾರದ ಹಣ ಕೈಗೆಟಕುವಂತೆ ಖಾತೆಯಲ್ಲಿರಲಿ. ಅಜ್ಜಾರ ಹತ್ತಿರ ಇದು ಇದ್ದಿದ್ದರೆ ಆಕಳು ಕೊಟ್ಟಿಗೆಯಲ್ಲಿ ಉಳಿಯುತ್ತಿತ್ತು. ಇದರ ಜೊತೆಗೆ ರಾಸುಗಳ ವಿಮೆ ಮಾಡಿಸಿ. ಸಹಕಾರಿಗಳ ಯಶಸ್ವಿನಿ ಆರೋಗ್ಯ ಯೋಜನೆ 2022–23ರಲ್ಲಿ ಮತ್ತೆ ಶುರುವಾಗಿದೆ. ನೋಂದಣಿಯ ಅವಧಿಯನ್ನು ಸಂಘದ ಕಾರ್ಯದರ್ಶಿಯಲ್ಲಿ ಕೇಳಿ, ತಪ್ಪಿಸಿಕೊಳ್ಳಬೇಡಿ.

ಆಮೇಲೆ ಪಿಂಚಣಿಯ ಕಂತು, ಠೇವಣಿ. ಕೆಲವೇ ವರ್ಷಗಳಲ್ಲಿ ಹಣ ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವವರು ಯಾರೇ ಆಗಿರಲಿ, ನೆಂಟರೇ ಆಗಿರಲಿ, ದೂರವಿಡಿ.

ಇನ್ನು, ಉಳಿಸುವ ಹಣ ಹುಟ್ಟುವುದು ಕೊಟ್ಟಿಗೆಯಲ್ಲಿ. ಒಂದು ಬೆದೆ ತಪ್ಪಿಸಿದರೆ 21 ದಿನ ಹೋದಂತೆ. ಅಷ್ಟೂ ದಿನದ ಮೇವಿನ ಖರ್ಚು ಮೈಮೇಲೆ. ಬೆಳಿಗ್ಗೆ ಸಂಜೆ ಬೆದೆ ನೋಡುವುದು, ಖನಿಜ ಮಿಶ್ರಣ ಕೊಡುವುದು, ಹಿಂಡಿದ ಮೇಲೆ ಮೊಲೆತೊಟ್ಟುಗಳನ್ನು ಔಷಧದ ದ್ರಾವಣದಲ್ಲಿ ಅದ್ದುವುದು, ಇವೂ ಪಿಂಚಣಿಯ ಕಂತುಗಳೇ. ವಯಸ್ಸಾದಂತೆ ರಾಸುಗಳ ಸಂಖ್ಯೆ ಇಳಿಸಿ, ಒಂದೆರಡು ಒಳ್ಳೆಯವನ್ನು ಇಟ್ಟುಕೊಳ್ಳಿ. ನೆಲ ಜಾರದಂತೆ ರಬ್ಬರ್ ಮ್ಯಾಟ್ ಹಾಸಿ. ಅದು ಆಕಳಿಗೂ ಒಳ್ಳೆಯದು, ನಿಮ್ಮ ಸೊಂಟಕ್ಕೂ ಒಳ್ಳೆಯದು.

ಅಜ್ಜಾರು ಈಗ ಕೋಲು ಹಿಡಿದು ಓಡಾಡುತ್ತಾರೆ. ಕಳೆದ ಸಲ ಹೋದಾಗ ಸೊಸೆಯ ಹೆಸರಿನಲ್ಲಿ ಮಾಡಿಸಿದ ಅಟಲ್ ಪಿಂಚಣಿಯ ಚೀಟಿ ತೋರಿಸಿದರು. “ನನಗಂತೂ ಆಗಲಿಲ್ಲ ಸಾಹೇಬ್ರ, ಆಕಿಗೆ 32. ಆಕಿ ಆದ್ರೂ ರಿಟೈರ್ ಆಗಲಿ” ಎಂದರು. ಹನಿಗೂಡಿ ಹಳ್ಳ ಎಂಬ ಗಾದೆ ನಮಗೆಲ್ಲ ಗೊತ್ತು. ಮೊದಲ ಹನಿ ಯಾವ ದಿನ ಹಾಕುತ್ತೇವೆ ಎಂಬುದೇ ಪ್ರಶ್ನೆ. ಮುಂದಿನ ಬಟವಾಡೆಯ ದಿನವೇ ಆಗಲಿ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘದಲ್ಲಿ 40 ದಾಟದ ಸದಸ್ಯರು, ಅವರ ಮನೆಯವರು ಎಷ್ಟು ಜನ? ಅವರಲ್ಲಿ ಪಿಂಚಣಿ ಯೋಜನೆಗೆ ಸೇರಿದವರೆಷ್ಟು?
2. ಕಳೆದ ವರ್ಷ ಬಂದ ಪ್ರೋತ್ಸಾಹಧನ ಒಟ್ಟು ಎಷ್ಟು? ಅದು ಯಾವುದಕ್ಕೆ ಖರ್ಚಾಯಿತು?
3. ಹಿಂಡುವ ರಾಸನ್ನು ಅಡಚಣೆಗೆ ಮಾರಿದ ಮನೆಗಳು ನಮ್ಮೂರಲ್ಲಿ ಎಷ್ಟು? ಅದನ್ನು ಹೇಗೆ ತಪ್ಪಿಸಬಹುದಿತ್ತು?
4. ನಿಮ್ಮ ಮನೆಯಲ್ಲಿ ಹಾಲು ಹಿಂಡುವವರು ಯಾರು? ಉಳಿತಾಯದ ಖಾತೆ ಯಾರ ಹೆಸರಿನಲ್ಲಿದೆ?