ಆಂಪ್ಲಿಫೈಯರ್: ಪೆಟ್ಟಿಗೆಯೊಳಗೊಂದು ತೂಬು

ಮಕ್ಕಳೇ, ಹಬ್ಬಕ್ಕೋ ಮದುವೆಗೋ ನಿಮ್ಮ ಊರಿನಲ್ಲಿ ಮೈಕ್ ಸೆಟ್ ಹಾಕುವುದನ್ನು ನೀವು ನೋಡಿದ್ದೀರಿ. ಮೈಕಿನ ಮುಂದೆ ಒಬ್ಬರು ‘ಹಲೋ, ಹಲೋ’ ಎಂದರೆ ಆ ಮಾತು ಇಡೀ ಬೀದಿಗೆ ಕೇಳಿಸುತ್ತದೆ. ಮೈಕಿಗೂ ಸ್ಪೀಕರಿಗೂ ನಡುವೆ ಮೇಜಿನ ಮೇಲೆ ಒಂದು ಪೆಟ್ಟಿಗೆ ಇರುತ್ತದೆ, ಗಮನಿಸಿದ್ದೀರಾ? ಅದರ ಹೆಸರು ಆಂಪ್ಲಿಫೈಯರ್. ಕನ್ನಡದಲ್ಲಿ ‘ವರ್ಧಕ’ ಎನ್ನಬಹುದು.

ಇದೇ ಜಾತಿಯ ಇನ್ನೊಂದು ಪೆಟ್ಟಿಗೆ ಕೊಳ್ಳೇಗಾಲದ ನಮ್ಮ ಮನೆಯಲ್ಲಿದೆ. ಅದು ಊರಿಗೆಲ್ಲ ಕೇಳಿಸುವುದಕ್ಕೆ ಮಾಡಿದ್ದಲ್ಲ. ಒಂದು ಕೋಣೆಯಲ್ಲಿ ಕುಳಿತು ಸಂಗೀತ ಕೇಳುವುದಕ್ಕೆ ಮಾಡಿದ್ದು. ಅದರ ಪೂರ್ತಿ ಹೆಸರು ಹೈ-ಫೈ ಇಂಟಿಗ್ರೇಟೆಡ್ ಸ್ಟೀರಿಯೋ ಆಂಪ್ಲಿಫೈಯರ್. ಹೆಸರು ಉದ್ದವಾಯಿತು ಅಲ್ಲವೇ? ಹೆದರಬೇಡಿ, ಒಂದೊಂದೇ ಪದವನ್ನು ಬಿಡಿಸಿ ನೋಡೋಣ.

ಒಂದು ಭಾನುವಾರ ಏಳನೇ ತರಗತಿಯ ನಾಲ್ವರು ಮಕ್ಕಳು ನಮ್ಮ ಮನೆಗೆ ಬಂದಿದ್ದರು. ಅವರಿಗೆ ಕಂಸಾಳೆಯ ಒಂದು ಹಾಡು ಹಾಕಿದೆ. ಮಲೆ ಮಹದೇಶ್ವರ ಬೆಟ್ಟ ಹನೂರು ತಾಲ್ಲೂಕಿನಲ್ಲಿದೆ. ಆ ಬೆಟ್ಟದ ಒಕ್ಕಲಾದ ದೇವರಗುಡ್ಡರು ಕಂಸಾಳೆ ಬಡಿದು ಹಾಡುವುದನ್ನು ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಹಾಡು ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ:

“ಸಾರ್, ಈ ಪೆಟ್ಟಿಗೆ ಸಣ್ಣ ಶಬ್ದವನ್ನು ಹಿಡಿದು ದೊಡ್ಡದು ಮಾಡುತ್ತಲ್ಲ, ಅದು ಬಲೂನು ಊದಿ ಹಿಗ್ಗಿಸಿದ ಹಾಗಾ?”

ತುಂಬ ಒಳ್ಳೆಯ ಪ್ರಶ್ನೆ. ಉತ್ತರ: ಅಲ್ಲ. ಆಂಪ್ಲಿಫೈಯರ್ ಯಾವುದನ್ನೂ ಹಿಗ್ಗಿಸುವುದಿಲ್ಲ. ಹಾಗಾದರೆ ಏನು ಮಾಡುತ್ತದೆ?

ಕೆರೆಯ ತೂಬು

ನಮ್ಮ ಕೆರೆಗಳಿಗೆ ತೂಬು ಇರುತ್ತದೆ. ಕೊಳ್ಳೇಗಾಲದ ಬಳಿಯ ಗುಂಡಾಲ್ ಜಲಾಶಯಕ್ಕೂ ತೂಬು ಇದೆ. ತೂಬಿನ ಬಾಗಿಲನ್ನು ಸ್ವಲ್ಪ ಎತ್ತಿದರೆ ಕಾಲುವೆಗೆ ಸ್ವಲ್ಪ ನೀರು, ಹೆಚ್ಚು ಎತ್ತಿದರೆ ಹೆಚ್ಚು ನೀರು. ಎತ್ತುವ ಕೈಯಲ್ಲಿ ಇರುವುದು ಒಬ್ಬ ಮನುಷ್ಯನ ಶಕ್ತಿ ಮಾತ್ರ. ಆದರೆ ಹರಿದುಬರುವ ನೀರು ಹತ್ತಾರು ಎಕರೆ ಗದ್ದೆ ತೋಯಿಸಬಲ್ಲದು. ಆ ನೀರು ಕೈಯಿಂದ ಬಂದದ್ದಲ್ಲ, ಕೆರೆಯಿಂದ ಬಂದದ್ದು. ಕೈ ಮಾಡಿದ್ದು ಇಷ್ಟೇ: ಯಾವಾಗ, ಎಷ್ಟು ಹರಿಯಬೇಕು ಎಂದು ಹೇಳಿದ್ದು.

ಈಗ ಆ ಬಾಗಿಲನ್ನು ಒಂದು ತಾಳಕ್ಕೆ ಸರಿಯಾಗಿ ಮೇಲೆ ಕೆಳಗೆ ಆಡಿಸುತ್ತೀರಿ ಎಂದುಕೊಳ್ಳಿ. ಕಾಲುವೆಯ ನೀರೂ ಅದೇ ತಾಳಕ್ಕೆ ಏರುತ್ತದೆ, ಇಳಿಯುತ್ತದೆ. ಪುಟ್ಟ ಕೈಯ ಚಲನೆಯ ದೊಡ್ಡದೊಂದು ನಕಲು ಕಾಲುವೆಯಲ್ಲಿ ಮೂಡುತ್ತದೆ.

ಆಂಪ್ಲಿಫೈಯರ್ ಮಾಡುವುದು ಇದನ್ನೇ. ಸಿ.ಡಿ. ಪ್ಲೇಯರಿನಿಂದ ಬರುವ ವಿದ್ಯುತ್ ಸಂಕೇತ ಹೆಚ್ಚೆಂದರೆ ಸುಮಾರು 2 ವೋಲ್ಟ್. ಅದು ಆಂಪ್ಲಿಫೈಯರಿಗೆ ಕೊಡುವ ಶಕ್ತಿ ಒಂದು ವ್ಯಾಟಿನ ಸಾವಿರದಲ್ಲಿ ಒಂದು ಭಾಗವೂ ಇಲ್ಲ. ಸ್ಪೀಕರನ್ನು ಅಲುಗಾಡಿಸಲು ಅದಕ್ಕೆ ತ್ರಾಣವಿಲ್ಲ. ಅದು ತೂಬಿನ ಕೈ. ತೂಬಿನ ಬಾಗಿಲಿನ ಕೆಲಸವನ್ನು ಟ್ರಾನ್ಸಿಸ್ಟರ್ ಎಂಬ ಮೂರು ಕಾಲಿನ ಪುಟ್ಟ ಸಾಧನ ಮಾಡುತ್ತದೆ. ಅದರ ಒಂದು ಕಾಲಿಗೆ ಕೊಟ್ಟ ಸಣ್ಣ ಪ್ರವಾಹ, ಉಳಿದೆರಡು ಕಾಲುಗಳ ನಡುವೆ ಹರಿಯುವ ದೊಡ್ಡ ಪ್ರವಾಹವನ್ನು ಹೆಚ್ಚು ಕಡಿಮೆ ಮಾಡುತ್ತದೆ.

ಹಾಗಾದರೆ ಕೆರೆ ಎಲ್ಲಿದೆ? ಗೋಡೆಯ ಪ್ಲಗ್ಗಿನಿಂದ 230 ವೋಲ್ಟ್ ವಿದ್ಯುತ್ ಬರುತ್ತದೆಯಲ್ಲ, ಅದು ನದಿ. ಪೆಟ್ಟಿಗೆಯೊಳಗಿನ ಟ್ರಾನ್ಸ್‌ಫಾರ್ಮರ್ ಆ ವೋಲ್ಟೇಜನ್ನು ಇಳಿಸುತ್ತದೆ. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ಹರಿಸುತ್ತವೆ. ಡಬ್ಬಿಯಂತಹ ದೊಡ್ಡ ಕೆಪಾಸಿಟರುಗಳು ಅದನ್ನು ತುಂಬಿಟ್ಟುಕೊಳ್ಳುತ್ತವೆ. ಅವೇ ಕೆರೆ!

ನಮ್ಮ ಕಡೆಯವರಿಗೆ ಈ ನದಿಯ ಕಥೆ ಹೊಸದಲ್ಲ. ಕೊಳ್ಳೇಗಾಲದ ಹತ್ತಿರವೇ ಇರುವ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಉತ್ಪಾದಿಸಿ, 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದರು. ನೀವು ಕೇಳುವ ಹಾಡಿನ ಜೋರು ಹಾಡುಗಾರರದ್ದಲ್ಲ, ಪೆಟ್ಟಿಗೆಯದ್ದೂ ಅಲ್ಲ. ಅದು ವಿದ್ಯುತ್ ಕೇಂದ್ರದಿಂದ ತಂತಿಯಲ್ಲಿ ಹರಿದುಬಂದದ್ದು.

ನಿಮಗೆ ಗೊತ್ತೇ?

* 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಮೂರು ವಿದ್ಯುದ್ವಾರಗಳ ಗಾಜಿನ ಕವಾಟವನ್ನು ರೂಪಿಸಿದರು. ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಬೆಳಗುತ್ತಿದ್ದ ವಾಲ್ವ್ ಇದರ ವಂಶದ್ದೇ.
* 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಬಾರ್ಡೀನ್, ಬ್ರಾಟೈನ್ ಮತ್ತು ಶಾಕ್ಲಿ ಅವರಿಗೆ 1956ರಲ್ಲಿ ನೊಬೆಲ್ ಬಹುಮಾನ ಬಂದಿತು.
* 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1960ರ ದಶಕದಲ್ಲಿ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತು.
* 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಅವರ ಮೊದಲ ಪ್ರಸಾರ ಯಂತ್ರದ ಸಾಮರ್ಥ್ಯ ಕೇವಲ 30 ವ್ಯಾಟ್!

ಉದ್ದ ಹೆಸರಿನ ಅರ್ಥ

ಇಂಟಿಗ್ರೇಟೆಡ್ ಎಂದರೆ ಒಂದುಗೂಡಿಸಿದ್ದು. ಇದರಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಪ್ರೀ-ಆಂಪ್ಲಿಫೈಯರ್. ಯಾವ ಸಾಧನದ ಹಾಡು ಬೇಕು, ಎಷ್ಟು ಜೋರು ಬೇಕು, ತಗ್ಗಿನ ಸ್ವರ ಎಷ್ಟು, ಏರು ಸ್ವರ ಎಷ್ಟು ಎಂಬುದನ್ನು ಅದರ ಗುಂಡಿಗಳು ನಿರ್ಧರಿಸುತ್ತವೆ. ಎರಡನೆಯದು ಪವರ್ ಆಂಪ್ಲಿಫೈಯರ್. ಸ್ಪೀಕರನ್ನು ಅಲುಗಾಡಿಸುವ ದುಡಿಮೆ ಅದರದ್ದು. ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ ಅದು ಇಂಟಿಗ್ರೇಟೆಡ್.

ಸ್ಟೀರಿಯೋ ಎಂದರೆ ಎಡಕ್ಕೆ ಒಂದು, ಬಲಕ್ಕೆ ಒಂದು, ಹೀಗೆ ಎರಡು ದಾರಿ. ನಮಗೆ ಎರಡು ಕಿವಿ ಏಕಿವೆ? ಎಡಗಡೆಯಿಂದ ಬಂದ ಶಬ್ದ ಎಡಗಿವಿಯನ್ನು ಮೊದಲು ಮುಟ್ಟುತ್ತದೆ. ಬಲಗಿವಿಯನ್ನು ಮುಟ್ಟಲು ಅದಕ್ಕೆ ಸುಮಾರು 20 ಸೆಂಟಿಮೀಟರ್ ಹೆಚ್ಚು ದಾರಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಲೆಕ್ಕ ಹಾಕಿ: ವ್ಯತ್ಯಾಸ ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗಕ್ಕಿಂತ ತುಸು ಹೆಚ್ಚು. ಇಷ್ಟು ಸಣ್ಣ ವ್ಯತ್ಯಾಸದಿಂದ ಮತ್ತು ಎರಡು ಕಿವಿಗಳಿಗೆ ಬೀಳುವ ಜೋರಿನ ವ್ಯತ್ಯಾಸದಿಂದ ಮಿದುಳು ದಿಕ್ಕನ್ನು ಪತ್ತೆ ಮಾಡುತ್ತದೆ. ಬ್ರಿಟಿಷ್ ಎಂಜಿನಿಯರ್ ಆಲನ್ ಬ್ಲಮ್‌ಲೈನ್ 1931ರಲ್ಲಿ ಎರಡು ದಾರಿಯ ಧ್ವನಿಗೆ ಪೇಟೆಂಟ್ ಅರ್ಜಿ ಸಲ್ಲಿಸಿದ್ದು ಕಿವಿಯ ಈ ಗುಣವನ್ನು ನಂಬಿಯೇ.

ಹೈ-ಫೈ ಎಂದರೆ ಮೂಲ ಧ್ವನಿಗೆ ಹೆಚ್ಚು ನಿಷ್ಠೆ. ಮನುಷ್ಯರ ಕಿವಿ ಸುಮಾರು 20ರಿಂದ 20,000 ಹರ್ಟ್ಸ್ ವರೆಗಿನ ಕಂಪನಗಳನ್ನು ಕೇಳುತ್ತದೆ. ತಮಟೆಯ ಗುಡುಗು ತಗ್ಗಿನದು. ಕಂಸಾಳೆಯ ಝಣತ್ಕಾರದಲ್ಲಿ ಬಹಳ ಏರಿನ ಕಂಪನಗಳೂ ಇವೆ. ತಗ್ಗನ್ನೂ ಏರನ್ನೂ ಸಮನಾಗಿ ಕಾಪಾಡಿ, ತನ್ನದೇನನ್ನೂ ಸೇರಿಸದೆ ನಕಲು ತೆಗೆಯುವ ಆಂಪ್ಲಿಫೈಯರ್ ಒಳ್ಳೆಯದು. ಅಂದರೆ ಹೆಚ್ಚು ಜೋರಾದದ್ದು ಒಳ್ಳೆಯದಲ್ಲ, ಹೆಚ್ಚು ಪ್ರಾಮಾಣಿಕವಾದದ್ದು ಒಳ್ಳೆಯದು.

ಮಾಡಿ ನೋಡಿ

ಒಬ್ಬರನ್ನು ಬಯಲಿನ ನಡುವೆ ಕಣ್ಣು ಕಟ್ಟಿ ನಿಲ್ಲಿಸಿ. ಉಳಿದವರು ಸುತ್ತಲೂ ದೂರದಲ್ಲಿ ನಿಂತು ಒಬ್ಬೊಬ್ಬರಾಗಿ ಎರಡು ಚಮಚ ಬಡಿಯಿರಿ. ನಡುವೆ ನಿಂತವರು ಶಬ್ದ ಬಂದ ಕಡೆ ಬೆರಳು ತೋರಿಸಬೇಕು. ಹತ್ತರಲ್ಲಿ ಎಷ್ಟು ಸರಿ ಎಂದು ಬರೆದುಕೊಳ್ಳಿ. ಈಗ ಅವರು ಅಂಗೈಯಿಂದ ಒಂದು ಕಿವಿಯನ್ನು ಬಿಗಿಯಾಗಿ ಮುಚ್ಚಿಕೊಳ್ಳಲಿ. ಇನ್ನು ಹತ್ತು ಸಲ ಮಾಡಿ. ಎರಡು ಅಂಕಗಳನ್ನು ಹೋಲಿಸಿ. ಏನು ತಿಳಿಯಿತು?

ಎಷ್ಟು ವ್ಯಾಟ್ ಬೇಕು?

ಅಂಗಡಿಯಲ್ಲಿ ‘ಸಾವಿರ ವ್ಯಾಟ್’ ಎಂಬ ಚೀಟಿ ಅಂಟಿಸಿದ ಪೆಟ್ಟಿಗೆಗಳು ಕಾಣುತ್ತವೆ. ಮನೆಯ ಸಾಮಾನ್ಯ ಸ್ಪೀಕರಿಗೆ 1 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 85ರಿಂದ 90 ಡೆಸಿಬೆಲ್ ಶಬ್ದ ಬರುತ್ತದೆ. ನಾವು ಮಾತನಾಡುವ ಶಬ್ದ ಸುಮಾರು 60 ಡೆಸಿಬೆಲ್. ಅಂದರೆ ಕೋಣೆಯಲ್ಲಿ ಹಿತವಾಗಿ ಕೇಳಲು ಬಹಳ ಹೊತ್ತು ಒಂದು ವ್ಯಾಟೂ ಬೇಕಾಗುವುದಿಲ್ಲ!

ಹಾಗಾದರೆ 50 ವ್ಯಾಟಿನ ಆಂಪ್ಲಿಫೈಯರ್ ಏಕೆ? ಕಂಸಾಳೆ ಒಮ್ಮೆಲೇ ಬಡಿದಾಗ, ತಮಟೆಗೆ ಪೆಟ್ಟು ಬಿದ್ದಾಗ, ಕ್ಷಣಮಾತ್ರ ಹತ್ತಾರು ಪಟ್ಟು ಶಕ್ತಿ ಬೇಕಾಗುತ್ತದೆ. ಆಗ ಕೆರೆಯಲ್ಲಿ ನೀರಿರಬೇಕು. ತೂಬು ಪೂರ್ತಿ ಎತ್ತಿದ ಮೇಲೂ ಕೈ ಇನ್ನೂ ಎತ್ತಲು ಹೋದರೆ ನೀರು ಹೆಚ್ಚಾಗುವುದಿಲ್ಲ. ಹಾಗೆಯೇ ಆಂಪ್ಲಿಫೈಯರಿನ ಮಿತಿ ಮುಗಿದರೆ ಅಲೆಯ ತುದಿ ಕತ್ತರಿಸಿಹೋಗುತ್ತದೆ. ಶಬ್ದ ಒಡೆದು ಕರ್ಕಶವಾಗುತ್ತದೆ. ಅದು ‘ಸಾಕು, ಇಳಿಸಿ’ ಎಂಬ ಎಚ್ಚರಿಕೆ.

ಪೆಟ್ಟಿಗೆಯ ಆರೈಕೆ

ಆಂಪ್ಲಿಫೈಯರ್ ಕೆಲಸ ಮಾಡುವಾಗ ಬಿಸಿಯಾಗುತ್ತದೆ. ಆದ್ದರಿಂದ ಮೇಲಿನ ರಂಧ್ರಗಳನ್ನು ಕಸೂತಿ ಬಟ್ಟೆಯಿಂದ ಮುಚ್ಚಬಾರದು. ಮೇಲೆ ಹೂದಾನಿ ಇಡಬಾರದು. ಗುಡುಗು ಮಿಂಚು ಇದ್ದಾಗ ಪ್ಲಗ್ ತೆಗೆದಿಡಬೇಕು. ಹಚ್ಚುವ ಮುಂಚೆ ವಾಲ್ಯೂಮ್ ಪೂರ್ತಿ ಇಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮುಚ್ಚಳವನ್ನು ನೀವು ಎಂದೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನ ಕೆರೆಯಲ್ಲಿ ವಿದ್ಯುತ್ ಉಳಿದಿರುತ್ತದೆ. ಮುಟ್ಟಿದರೆ ಅಪಾಯ.

ಕಿವಿಗೆ ತೂಬಿಲ್ಲ

ಆ ಭಾನುವಾರದ ಮಾತಿಗೆ ಮತ್ತೆ ಬರೋಣ. ಹಾಡಿನ ಕೊನೆಯಲ್ಲಿ ಕಂಸಾಳೆ ಒಮ್ಮೆ ಬಡಿದು ನಿಲ್ಲುತ್ತದೆ. ನಾನು ನಿಲ್ಲಿಸಲು ಕೈ ಚಾಚಿದೆ. ಒಬ್ಬ ಹುಡುಗಿ ಹೇಳಿದಳು: “ತಡೀರಿ ಸಾರ್, ಇನ್ನೂ ಇಂಪಾಗಿ ‘ಇಂ’ ಅಂತಿದೆ.” ಉಳಿದ ಮೂವರೂ ಹೌದೆಂದು ತಲೆಯಾಡಿಸಿದರು. ನನಗೆ ಏನೂ ಕೇಳಿಸಲಿಲ್ಲ. ಮತ್ತೆ ಹಾಕಿ ವಾಲ್ಯೂಮ್ ಏರಿಸಿದೆ. ಹಾಡು ಜೋರಾಯಿತು, ತಾಳ ಜೋರಾಯಿತು. ಆ ‘ಇಂ’ ಮಾತ್ರ ನನಗೆ ಸಿಗಲಿಲ್ಲ.

ಕಾರಣವನ್ನು ಅವರಿಗೆ ಹೇಳಿದೆ, ನಿಮಗೂ ಹೇಳುತ್ತೇನೆ. ನಿಮ್ಮಷ್ಟೇ ವಯಸ್ಸಿನಲ್ಲಿ ಒಂದು ಹಬ್ಬದ ರಾತ್ರಿ ಪೂರ್ತಿ ದೊಡ್ಡ ಸ್ಪೀಕರ್ ಪೆಟ್ಟಿಗೆಗೆ ಒರಗಿ ಕುಳಿತಿದ್ದೆ. ನನ್ನ ಬಲಗಿವಿ ಅದರ ಕಡೆಗಿತ್ತು. ಬೆಳಿಗ್ಗೆ ಆ ಕಿವಿಯಲ್ಲಿ ‘ಕುಂಯ್’ ಎನ್ನುತ್ತಿತ್ತು. ಎರಡು ದಿನದಲ್ಲಿ ಅದು ನಿಂತಿತು, ನಾನೂ ಮರೆತೆ. ಆಮೇಲೂ ಎಷ್ಟೋ ಸಲ ಹಾಗೆಯೇ ಕುಳಿತೆ. ಬಹಳ ವರ್ಷಗಳ ನಂತರ ವೈದ್ಯರು ಪರೀಕ್ಷಿಸಿದಾಗ ಬಲಗಿವಿಗೆ ಏರು ಸ್ವರ ಕೇಳುವುದಿಲ್ಲವೆಂದು ಗೊತ್ತಾಯಿತು. ವಯಸ್ಸಾದಂತೆ ಎಲ್ಲರಿಗೂ ಏರು ಸ್ವರ ಸ್ವಲ್ಪ ಕಡಿಮೆಯಾಗುವುದುಂಟು. ಅದು ನನ್ನ ಎಡಗಿವಿಗೂ ಆಗಿದೆ. ಆದರೆ ಬಲಗಿವಿ ಅದಕ್ಕಿಂತ ಬಹಳ ಹಿಂದೆ ಬಿದ್ದಿದೆ.

ನಮ್ಮ ಒಳಗಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಅದರಲ್ಲಿ ಸುಮಾರು 15,000 ರೋಮಕೋಶಗಳಿವೆ. ಶಬ್ದದ ಕಂಪನವನ್ನು ಮಿದುಳಿಗೆ ಮುಟ್ಟಿಸುವ ಕೆಲಸ ಇವುಗಳದ್ದೇ. ಅತಿ ಜೋರಾದ ಶಬ್ದ ಇವನ್ನು ಕೊಲ್ಲುತ್ತದೆ. ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆಂಪ್ಲಿಫೈಯರಿನಲ್ಲಿ ಟ್ರಾನ್ಸಿಸ್ಟರ್ ಸುಟ್ಟರೆ ಬೇರೆ ಹಾಕಿಸಬಹುದು. ರೋಮಕೋಶ ಯಾವ ಅಂಗಡಿಯಲ್ಲೂ ಸಿಗದು.

ಎಷ್ಟು ಹೊತ್ತು ಸುರಕ್ಷಿತ? 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಹೀಗೇ ಹೋದರೆ 100 ಡೆಸಿಬೆಲ್‌ಗೆ ಬರೀ 15 ನಿಮಿಷ! ಇನ್ನೊಂದು ಸಂಗತಿ: ಆಂಪ್ಲಿಫೈಯರಿನ ವ್ಯಾಟ್ ಇಮ್ಮಡಿಯಾದರೆ ಶಬ್ದ 3 ಡೆಸಿಬೆಲ್ ಏರುತ್ತದೆ. ಕಿವಿಗೆ ಅದು ‘ಸ್ವಲ್ಪ ಹೆಚ್ಚಾಯಿತು’ ಎನಿಸುತ್ತದೆ ಅಷ್ಟೆ. ಆದರೆ ರೋಮಕೋಶಗಳ ಸುರಕ್ಷಿತ ಸಮಯ ಅರ್ಧವಾಗಿರುತ್ತದೆ.

ಕಣ್ಣಿಗೆ ರೆಪ್ಪೆಯಿದೆ, ಕೆರೆಗೆ ತೂಬಿದೆ. ಕಿವಿಗೆ ಮುಚ್ಚುವ ಬಾಗಿಲಿಲ್ಲ. ಆದ್ದರಿಂದ ನಾವೇ ದೂರ ಸರಿಯಬೇಕು. ಪಕ್ಕದಲ್ಲಿ ನಿಂತ ಗೆಳೆಯರ ಮಾತು ಕೂಗಿದರೂ ಕೇಳದಿದ್ದರೆ ಆ ಜಾಗ ಅಪಾಯದ್ದು ಎಂದು ತಿಳಿಯಿರಿ. ನಮ್ಮ ದೇಶದಲ್ಲಿ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳೂ ಇವೆ. ಸರ್ಕಾರ ವಿನಾಯಿತಿ ಕೊಟ್ಟ ಕೆಲವು ದಿನಗಳನ್ನು ಬಿಟ್ಟರೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ.

ನಮ್ಮ ಮನೆಯ ಪೆಟ್ಟಿಗೆ ಈಗಲೂ ಹಾಡುತ್ತದೆ. ನಾನು ಅದರ ವಾಲ್ಯೂಮ್ ಗುಂಡಿಯನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವುದಿಲ್ಲ. ಮಕ್ಕಳು ಬಂದರೆ ಆ ಕಂಸಾಳೆಯ ಹಾಡನ್ನೇ ಹಾಕುತ್ತೇನೆ. ಕೊನೆಯ ‘ಇಂ’ ಎಷ್ಟು ಹೊತ್ತು ಇತ್ತು ಎಂದು ಅವರನ್ನೇ ಕೇಳಿ ತಿಳಿದುಕೊಳ್ಳುತ್ತೇನೆ.

ಯೋಚಿಸಿ ಉತ್ತರಿಸಿ

1. ಆಂಪ್ಲಿಫೈಯರಿನಲ್ಲಿ ಕೆರೆ ಯಾವುದು, ತೂಬು ಯಾವುದು, ತೂಬು ಎತ್ತುವ ಕೈ ಯಾವುದು?
2. ಪ್ಲಗ್ ಹಾಕದಿದ್ದರೆ ಆಂಪ್ಲಿಫೈಯರ್ ಏಕೆ ಹಾಡುವುದಿಲ್ಲ? ಸಿ.ಡಿ. ಪ್ಲೇಯರಿನಿಂದ ಸಂಕೇತ ಬರುತ್ತಲೇ ಇದೆಯಲ್ಲ?
3. 94 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಷ್ಟು ಹೊತ್ತು ಕೇಳಬಹುದು? ಲೆಕ್ಕ ಹಾಕಿ.
4. ನಿಮ್ಮ ಮನೆಯ ಹಿರಿಯರಿಗೆ ಕೇಳಿಸದ, ನಿಮಗೆ ಕೇಳಿಸುವ ಶಬ್ದಗಳು ಯಾವುವು? ಅವರೊಂದಿಗೆ ಕುಳಿತು ಪಟ್ಟಿ ಮಾಡಿ.